ಮೊಳಕಾಲ್ಮೂರು ಸೀರೆಗೆ ಜಿಐ ಟ್ಯಾಗ್ ಇದೆ, ತಪಾಸಣೆ ಮಾಡೋರು ಯಾರು?

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕ, ಅಂದರೆ ಎಲ್ಲರ ಬಾಯಲ್ಲಿ ಜಿಐ ಟ್ಯಾಗ್ ಅನ್ನಿಸಿಕೊಳ್ಳುವ ಮಾನ್ಯತೆ, ಸಿಕ್ಕಿದ್ದು 2011ರಲ್ಲಿ. ಅವತ್ತಿನಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಅದು ಒಂದು ಅಂಕದ ಪ್ರಶ್ನೆ. ಇಳಕಲ್ ಸೀರೆ ಬಾಗಲಕೋಟೆ, ಬಿದರಿ ಬೀದರ್, ಮೊಳಕಾಲ್ಮೂರು ಸೀರೆ ಚಿತ್ರದುರ್ಗ. ಉತ್ತರ ಬರೆದು ಮುಂದಕ್ಕೆ ಹೋಗ್ತೀವಿ. ಪರೀಕ್ಷೆಯ ಹಾಲ್‌ನಿಂದ ಆಚೆ ಬಂದರೆ ಇನ್ನೊಂದು ಪ್ರಶ್ನೆ ಕಾಯ್ತಾ ಇರುತ್ತೆ. ಅಂಗಡಿಯ ಗಾಜಿನ ಹಿಂದೆ ಮಡಚಿಟ್ಟಿರುವ ಸೀರೆ ನಿಜಕ್ಕೂ ಮೊಳಕಾಲ್ಮೂರಿನ ಕೈಮಗ್ಗದಿಂದಲೇ ಬಂದದ್ದು ಅಂತ ಹೇಳುವವರು ಯಾರು? ಹೇಳಿದ್ದು ಸುಳ್ಳಾದರೆ ಹಿಡಿಯುವವರು ಯಾರು?

ಇದಕ್ಕೆ ಉತ್ತರ ಹುಡುಕುವ ಮೊದಲು, ಪ್ರಮಾಣಪತ್ರ ಕೊಡುವ ಕೆಲಸವನ್ನು ಜಗತ್ತಿನಲ್ಲೇ ಅತಿ ಹಠ ಹಿಡಿದು ಮಾಡುವ ಒಂದು ಕಸುಬನ್ನು ಪಕ್ಕದಲ್ಲಿಟ್ಟು ನೋಡೋಣ. ಅದು ಸ್ವಿಟ್ಜರ್ಲೆಂಡಿನ ಕೀಲಿ ಕೊಡುವ ಕೈಗಡಿಯಾರದ ಕಸುಬು. ಮೊಳಕಾಲ್ಮೂರಿಗೂ ಜಿನೀವಾಕ್ಕೂ ಏನು ಸಂಬಂಧ ಅನ್ನಿಸಬಹುದು. ಆದರೆ ಎರಡೂ ಒಂದೇ ಜಾತಿಯ ಸರಕು. ಟೈಮ್ ನೋಡೋಕೆ ಮೊಬೈಲ್ ಸಾಕು, ಉಡೋಕೆ ಸಾವಿರ ರೂಪಾಯಿಯ ಸೀರೆ ಸಾಕು. ಅದರ ಮೇಲೆ ಜನ ಎಷ್ಟೇ ಹೆಚ್ಚು ಕೊಟ್ಟರೂ ಅದು ಕೈಕೆಲಸಕ್ಕೆ, ಒಳಗಿನ ವಸ್ತುವಿಗೆ ಮತ್ತು ಊರಿನ ಹೆಸರಿಗೆ ಕೊಡುವ ದುಡ್ಡು. ಈ ಮೂರನ್ನೂ ಕೊಳ್ಳುವವರು ಬರಿಗಣ್ಣಿನಿಂದ ಖಚಿತ ಮಾಡಿಕೊಳ್ಳೋಕೆ ಆಗೋದಿಲ್ಲ. ಹಾಗಾಗಿ ನಡುವೆ ಒಬ್ಬ ಸಾಕ್ಷಿ ಬೇಕು. ಆ ಸಾಕ್ಷಿ ಎಷ್ಟು ಗಟ್ಟಿ ಅನ್ನೋದರ ಮೇಲೆ ಇಡೀ ವ್ಯಾಪಾರ ನಿಂತಿರುತ್ತೆ.

ಸ್ವಿಸ್ಸರು ಏನು ಮಾಡ್ತಾರೆ?

ಅವರ ಹತ್ತಿರ ಒಂದೇ ಮುದ್ರೆ ಇಲ್ಲ, ಹಲವು ಇವೆ. ಒಂದೊಂದೂ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತೆ. ಡಯಲ್ ಮೇಲಿನ ‘ಸ್ವಿಸ್ ಮೇಡ್’ ಅನ್ನೋದು ಊರಿನ ಪ್ರಶ್ನೆ. 2017ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ ವಾಚಿನ ತಯಾರಿಕಾ ವೆಚ್ಚದಲ್ಲಿ ಕನಿಷ್ಠ ಶೇ 60 ಸ್ವಿಟ್ಜರ್ಲೆಂಡಿನಲ್ಲೇ ಆಗಿರಬೇಕು. ಅಂದರೆ ಮಿಕ್ಕ ಶೇ 40 ಎಲ್ಲಿಂದಾದರೂ ಬರಬಹುದು. ಈ ಸಡಿಲಿಕೆ ಬಗ್ಗೆ ಅಲ್ಲಿನವರಲ್ಲೇ ಜಗಳ ಇದೆ. ಆದರೆ ಗೆರೆ ಎಲ್ಲಿದೆ ಅನ್ನೋದು ಎಲ್ಲರಿಗೂ ಗೊತ್ತು.

ಎರಡನೆಯದು ವಾಚು ಕೆಲಸ ಮಾಡುತ್ತಾ ಅನ್ನೋ ಪ್ರಶ್ನೆ. ಇದನ್ನು ನೋಡಿಕೊಳ್ಳೋದು 1973ರಲ್ಲಿ ಶುರುವಾದ ಸಿಒಎಸ್‌ಸಿ ಎಂಬ ಸಂಸ್ಥೆ. ಇದು ಯಾವ ಕಂಪನಿಯ ಆಸ್ತಿಯೂ ಅಲ್ಲ. ಲಾಭಕ್ಕಾಗಿ ನಡೆಯುವುದೂ ಅಲ್ಲ. ವಾಚಿನ ಒಳಗಿನ ಯಂತ್ರವನ್ನು 15 ದಿನ ಇಟ್ಟುಕೊಂಡು, ಐದು ಭಂಗಿಗಳಲ್ಲಿ, 8, 23, 38 ಡಿಗ್ರಿ ಸೆಲ್ಸಿಯಸ್‌ನ ಮೂರು ಉಷ್ಣತೆಗಳಲ್ಲಿ ಓಡಿಸಿ ನೋಡ್ತಾರೆ. ದಿನಕ್ಕೆ ಸರಾಸರಿ 4 ಸೆಕೆಂಡಿಗಿಂತ ಹಿಂದೆ ಬೀಳಬಾರದು, 6 ಸೆಕೆಂಡಿಗಿಂತ ಮುಂದೆ ಓಡಬಾರದು. ಪಾಸಾದರೆ ಮಾತ್ರ ‘ಕ್ರೋನೋಮೀಟರ್’ ಅನ್ನೋ ಪದ ಡಯಲ್ ಮೇಲೆ ಬರೆದುಕೊಳ್ಳಬಹುದು. ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ನೂರರಲ್ಲಿ ಒಂದನ್ನು ಎತ್ತಿ ನೋಡಿ ಉಳಿದವಕ್ಕೂ ಚೀಟಿ ಅಂಟಿಸುವ ಪದ್ಧತಿ ಅಲ್ಲ ಇದು. ಪ್ರತಿ ಯಂತ್ರಕ್ಕೂ ಅದರದ್ದೇ ಆದ ನಂಬರ್ ಇರುತ್ತೆ. ಪ್ರತಿಯೊಂದೂ ಪರೀಕ್ಷೆಗೆ ಕೂರಬೇಕು.

ಮೂರನೆಯದು ಕೈಕೆಲಸದ ಪ್ರಶ್ನೆ. ಜಿನೀವಾ ಪ್ರಾಂತ್ಯ 1886ರಲ್ಲಿ ಕಾನೂನು ಮಾಡಿ ತಂದ ‘ಜಿನೀವಾ ಮುದ್ರೆ’ ಇದಕ್ಕೆ. ಯಾರಿಗೂ ಕಾಣದ ಒಳಗಿನ ಬಿಡಿಭಾಗದ ಅಂಚನ್ನು ಕೂಡ ಕೈಯಿಂದ ಉಜ್ಜಿ ಹೊಳಪು ಕೊಟ್ಟಿದ್ದಾರಾ ಅಂತ ನೋಡುವ ಮಟ್ಟದ ತಪಾಸಣೆ ಅದು. 2015ರಿಂದ ಸರ್ಕಾರದ ಮಾಪನ ಸಂಸ್ಥೆ ಮೆಟಾಸ್ ಕೂಡ ಪ್ರಮಾಣಪತ್ರ ಕೊಡ್ತಾ ಇದೆ. ಅಲ್ಲಿ ವಾಚು 15,000 ಗೌಸ್ ಕಾಂತಕ್ಷೇತ್ರ ತಡೆದುಕೊಳ್ಳಬೇಕು.

ಊರು, ಗುಣ, ಕೈಕೆಲಸ. ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಈಗ ಚಿತ್ರದುರ್ಗ ಜಿಲ್ಲೆಗೆ ವಾಪಸ್ ಬರೋಣ.

ಒಂದು ಸೀರೆಗೆ ಮೂರು ಚೀಟಿ

ಮೊಳಕಾಲ್ಮೂರು ಸೀರೆಯ ಗುರುತು ಅದರ ಅಂಚು. ಒಡಲು ಒಂದು ಬಣ್ಣ, ಅಂಚು ಅದಕ್ಕೆ ಎದುರಾದ ಇನ್ನೊಂದು ಬಣ್ಣ. ಮೂರು ಲಾಳಿ ಹಿಡಿದು ನೇಯುವಾಗ ಎರಡು ಅಂಚಿಗೆ ಎರಡು ಲಾಳಿ, ಒಡಲಿಗೆ ಒಂದು. ಪ್ರತಿ ಎಳೆ ಹೊಕ್ಕು ಹಾಕುವಾಗಲೂ ಒಡಲಿನ ಎಳೆ ಅಂಚಿನ ಎಳೆಯನ್ನು ತಬ್ಬಿಕೊಂಡು ವಾಪಸ್ ಬರಬೇಕು. ಒಬ್ಬರೇ ಮಾಡೋದು ಕಷ್ಟ, ಪಕ್ಕದಲ್ಲಿ ಒಬ್ಬರು ಲಾಳಿ ಎಸೆಯೋಕೆ ಬೇಕು. ಸಾಮಾನ್ಯವಾಗಿ ಅದು ಮನೆಯವರೇ, ಕೂಲಿ ಲೆಕ್ಕಕ್ಕೆ ಸೇರದ ಕೈ. ಇದರ ಮೇಲೆ ಬುಟ್ಟಾ, ನವಿಲು, ಹೂ, ಹಣ್ಣು, ಗೋಪುರದ ವಿನ್ಯಾಸ, ಜರಿ. ಸೀರೆಯ ಬೆಲೆ ಇಲ್ಲಿ ಹುಟ್ಟುತ್ತೆ. ನಕಲು ಮಾಡುವವರ ಕಣ್ಣು ಬೀಳೋದೂ ಇಲ್ಲೇ.

ಈ ಸೀರೆ ಅಸಲಿ ಅಂತ ಹೇಳೋಕೆ ನಮ್ಮಲ್ಲಿ ಚೀಟಿಗಳಿಗೆ ಬರ ಇಲ್ಲ. ಮೊದಲನೆಯದು ಸಿಲ್ಕ್ ಮಾರ್ಕ್. ಬೆಂಗಳೂರಿನಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಬೆಂಬಲದಲ್ಲಿ 2004ರಲ್ಲಿ ಶುರುವಾಯ್ತು. ಇದು ಹೇಳೋದು ಒಂದೇ ಮಾತು: ಬಟ್ಟೆಯಲ್ಲಿರುವ ನೂಲು ಶುದ್ಧ ರೇಷ್ಮೆ. ಕೈಮಗ್ಗವೋ ಪವರ್ ಲೂಮೋ, ಮೊಳಕಾಲ್ಮೂರೋ ಸೂರತ್ತೋ, ಅದಕ್ಕೆ ಸಂಬಂಧ ಇಲ್ಲ. ಎರಡನೆಯದು ಹ್ಯಾಂಡ್‌ಲೂಮ್ ಮಾರ್ಕ್, 2006ರದ್ದು, ಜವಳಿ ಸಮಿತಿ ನೋಡಿಕೊಳ್ಳುತ್ತೆ. ಇದು ಕೈಮಗ್ಗ ಅಂತ ಹೇಳುತ್ತೆ, ರೇಷ್ಮೆ ಅಂತ ಹೇಳೋದಿಲ್ಲ. ಹತ್ತಿಯ ಟವೆಲ್ಲಿಗೂ ಇದೇ ಚೀಟಿ. ಮೂರನೆಯದು ಜಿಐ, ಊರನ್ನು ಹೇಳುತ್ತೆ. ಇಷ್ಟು ಸಾಲದು ಅಂತ 2015ರ ಆಗಸ್ಟ್ 7ರಂದು, ಮೊದಲ ರಾಷ್ಟ್ರೀಯ ಕೈಮಗ್ಗ ದಿನದಂದು, ಪ್ರಧಾನಿ ‘ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್’ ಅಂತ ಇನ್ನೊಂದನ್ನು ಬಿಡುಗಡೆ ಮಾಡಿದರು. ನೂಲು, ಬಣ್ಣ, ನೇಯ್ಗೆಯ ಗುಣಮಟ್ಟಕ್ಕೆ ಅದು.

ಅಂದರೆ ‘ಶುದ್ಧ ರೇಷ್ಮೆಯ, ಕೈಯಲ್ಲಿ ನೇಯ್ದ, ಮೊಳಕಾಲ್ಮೂರಿನ ಸೀರೆ’ ಅನ್ನೋ ಒಂದೇ ಒಂದು ವಾಕ್ಯಕ್ಕೆ ಸಾಕ್ಷಿ ಬೇಕೆಂದರೆ ಕನಿಷ್ಠ ಮೂರು ಕಚೇರಿಗಳ ಮೂರು ಚೀಟಿ ಒಂದೇ ಸೀರೆಗೆ ಬೀಳಬೇಕು. ಅಂಗಡಿಯಲ್ಲಿ ಇದರ ಪರಿಣಾಮ ಏನು ಅಂತ ಊಹಿಸೋದು ಕಷ್ಟವಲ್ಲ. ಪವರ್ ಲೂಮ್‌ನಲ್ಲಿ ನೇಯ್ದ, ಆದರೆ ರೇಷ್ಮೆಯೇ ಆಗಿರುವ ಸೀರೆಗೆ ಸಿಲ್ಕ್ ಮಾರ್ಕ್ ಕಾನೂನುಬದ್ಧವಾಗಿ ಸಿಗುತ್ತೆ. ಹೊಳೆಯುವ ಹೊಲೊಗ್ರಾಂ ನೋಡಿದ ಗಿರಾಕಿ ಎಲ್ಲಾ ಅಸಲಿ ಅಂದುಕೊಂಡು ಬಿಲ್ ಕೊಡ್ತಾರೆ. ಸುಳ್ಳು ಯಾರೂ ಹೇಳಿಲ್ಲ. ಆದರೂ ಮೋಸ ಆಗಿದೆ.

ಜರಿಯ ಕಥೆ ಇನ್ನೂ ಬೇರೆ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಮೇಲೆ ಚಿನ್ನದ ಲೇಪ. ‘ಟೆಸ್ಟೆಡ್’ ಅನ್ನೋದರಲ್ಲಿ ಬೆಳ್ಳಿಯ ಜಾಗಕ್ಕೆ ತಾಮ್ರ. ಅದಕ್ಕಿಂತ ಕೆಳಗಿನದ್ದು ಬಣ್ಣ ಹಾಕಿದ ಪ್ಲಾಸ್ಟಿಕ್ಕು. ಸಿಲ್ಕ್ ಮಾರ್ಕ್ ನೋಡೋದು ರೇಷ್ಮೆಯನ್ನು, ಜರಿಯನ್ನಲ್ಲ.

‘ಇದ್ದರೆ’ ಎಂಬ ಪದ

ಜಿಐ ಕಾನೂನು ಬಂದಿದ್ದು 1999ರಲ್ಲಿ, ಜಾರಿಯಾಗಿದ್ದು 2003ರ ಸೆಪ್ಟೆಂಬರ್ 15ರಿಂದ. ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಸುಳ್ಳು ಜಿಐ ಹಾಕಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಅಂತ 39ನೇ ಕಲಂ ಹೇಳುತ್ತೆ. ಕಾಗದದಲ್ಲಿ ಹಲ್ಲು ಗಟ್ಟಿಯಾಗೇ ಇದೆ.

ತೊಂದರೆ ಇರೋದು 2002ರ ನಿಯಮಾವಳಿಯ 32ನೇ ನಿಯಮದಲ್ಲಿ. ಜಿಐಗೆ ಅರ್ಜಿ ಹಾಕುವವರು ಏನೇನು ವಿವರ ಕೊಡಬೇಕು ಅನ್ನೋ ಪಟ್ಟಿ ಅಲ್ಲಿದೆ. ಅದರಲ್ಲಿ ತಪಾಸಣಾ ವ್ಯವಸ್ಥೆಯ ವಿವರವೂ ಒಂದು. ಆದರೆ ಅದರ ಪಕ್ಕದಲ್ಲೇ ‘ಇದ್ದರೆ’ ಅನ್ನೋ ಅರ್ಥದ ಒಂದು ಸಣ್ಣ ಮಾತು ಸೇರಿಕೊಂಡಿದೆ. ತಪಾಸಣಾ ವ್ಯವಸ್ಥೆ ಇದ್ದರೆ ಹೇಳಿ. ಇಲ್ಲದಿದ್ದರೆ? ಇಲ್ಲದಿದ್ದರೆ ಇಲ್ಲ. ಯೂರೋಪಿನಲ್ಲಿ ಚೀಸಿಗೋ ವೈನಿಗೋ ಈ ಥರದ ಹೆಸರಿನ ಹಕ್ಕು ಸಿಗಬೇಕೆಂದರೆ ಮಾರುಕಟ್ಟೆಗೆ ಹೋಗುವ ಮೊದಲೇ ಹೊರಗಿನವರಿಂದ ತಪಾಸಣೆ ಆಗಬೇಕು. ನಮ್ಮಲ್ಲಿ ಅದು ಐಚ್ಛಿಕ ವಿಷಯ. ಹೆಚ್ಚಿನ ಅರ್ಜಿಗಳಲ್ಲಿ ಒಂದು ಸಮಿತಿಯ ಹೆಸರು ಬರೆದು ಆ ಕಾಲಂ ತುಂಬಿಸಲಾಗುತ್ತೆ. ನನ್ನ ಪ್ರಕಾರ ನಮ್ಮ ಇಡೀ ಜಿಐ ವ್ಯವಸ್ಥೆಯ ನಡು ಮುರಿದಿರೋದು ಈ ಒಂದು ಪದದಲ್ಲಿ.

ಎರಡನೇ ಬಿರುಕು ‘ಉತ್ಪಾದಕ’ ಅನ್ನೋ ಪದದ ವ್ಯಾಖ್ಯೆಯಲ್ಲಿದೆ. ಕರಕುಶಲ ವಸ್ತುವಿನ ವಿಷಯದಲ್ಲಿ ಉತ್ಪಾದಕ ಅಂದರೆ ಅದನ್ನು ಮಾಡುವವರು ಮಾತ್ರ ಅಲ್ಲ, ಅದರ ವ್ಯಾಪಾರ ಮಾಡುವವರೂ ಸೇರ್ತಾರೆ ಅಂತ ಕಾನೂನೇ ಹೇಳುತ್ತೆ. ಹಾಗಾಗಿ ‘ಅಧಿಕೃತ ಬಳಕೆದಾರ’ ಆಗಿ ನೋಂದಾಯಿಸಿಕೊಳ್ಳೋಕೆ ಮಗ್ಗದ ಮುಂದೆ ಕೂರಬೇಕಾಗಿಲ್ಲ, ಗದ್ದಿಗೆಯ ಮೇಲೆ ಕೂತರೂ ಆಗುತ್ತೆ. ರೇಷ್ಮೆ ಸೀರೆಯ ಕಸುಬಿನಲ್ಲಿ ನೂಲು, ಜರಿ, ವಿನ್ಯಾಸ ಕೊಡುವವರು ಮಾಲೀಕರು. ನೇಕಾರರಿಗೆ ಸಿಗೋದು ಸೀರೆಗಿಷ್ಟು ಅಂತ ಕೂಲಿ. ಇಂಥ ಕಡೆ ಜಿಐ ಹೆಸರಿನಿಂದ ಬೆಲೆ ಏರಿದರೂ ಏರಿದ್ದು ಯಾರ ಜೇಬಿಗೆ ಹೋಗುತ್ತೆ ಅನ್ನೋದನ್ನು ಚೀಟಿ ತೀರ್ಮಾನಿಸೋದಿಲ್ಲ, ಕೂಲಿ ಚೌಕಾಸಿ ತೀರ್ಮಾನಿಸುತ್ತೆ.

ಮೂರನೆಯದು ‘ಮಾದರಿ’ ಅನ್ನೋ ಕಳ್ಳದಾರಿ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದಲ್ಲಿ ಎರಡು ದರ್ಜೆಯ ರಕ್ಷಣೆ ಇದೆ. ವೈನ್ ಮತ್ತು ಮದ್ಯಕ್ಕೆ ಮೇಲ್ದರ್ಜೆ: ಇಂಥ ಊರಿನ ‘ಶೈಲಿಯ’, ‘ಬಗೆಯ’ ಅಂತ ಕೂಡ ಬರೆಯುವ ಹಾಗಿಲ್ಲ. ಉಳಿದ ಸರಕಿಗೆ ಕೆಳದರ್ಜೆ: ಗಿರಾಕಿಗೆ ದಾರಿ ತಪ್ಪಿಸಿದ್ದಾರೆ ಅಂತ ಸಾಬೀತು ಮಾಡಬೇಕು. ನಮ್ಮ ಕಾನೂನಿನ 22ನೇ ಕಲಂ ಬೇರೆ ಸರಕಿಗೂ ಮೇಲ್ದರ್ಜೆ ಕೊಡೋಕೆ ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ, ಆದರೆ ಅದಕ್ಕೆ ಪ್ರತ್ಯೇಕ ಅಧಿಸೂಚನೆ ಬೇಕು. ಕುತೂಹಲದ ಸಂಗತಿ ಏನೆಂದರೆ, ಈ ಮೇಲ್ದರ್ಜೆಯ ರಕ್ಷಣೆಯನ್ನು ಎಲ್ಲಾ ಸರಕಿಗೂ ಕೊಡಿ ಅಂತ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವರ್ಷಗಟ್ಟಲೆ ವಾದಿಸಿರುವ ದೇಶಗಳಲ್ಲಿ ಭಾರತವೂ ಇದೆ, ಸ್ವಿಟ್ಜರ್ಲೆಂಡೂ ಇದೆ. ನಾವು ಡಾರ್ಜಿಲಿಂಗ್ ಚಹಾ, ಬಾಸ್ಮತಿ ಅಂತ ಹೋದೆವು. ಅವರಿಗೆ ವಾಚಿನ ಚಿಂತೆ. ಎದುರು ನಿಂತಿದ್ದು ಅಮೆರಿಕ, ಆಸ್ಟ್ರೇಲಿಯಾದಂಥ ದೇಶಗಳು.

ಈಗ ನಮಗೂ ಸ್ವಿಸ್ಸರಿಗೂ ಇನ್ನೊಂದು ಕೊಂಡಿ ಬಿದ್ದಿದೆ. ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳ ಕೂಟದ ಜೊತೆ ಭಾರತ 2024ರ ಮಾರ್ಚ್ 10ರಂದು ಸಹಿ ಮಾಡಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸ್ವಿಸ್ ವಾಚುಗಳ ಮೇಲಿನ ಸುಂಕ ಹಂತಹಂತವಾಗಿ ಇಳಿಯುತ್ತೆ. ಅವರ ಮುದ್ರೆಗಳ ಜೊತೆಗೇ ಅವರ ಸರಕು ನಮ್ಮ ಮಾಲ್‌ಗೆ ಬರುತ್ತೆ. ನಮ್ಮ ಸೀರೆ ಆ ಕಡೆ ಹೋದರೆ ಯಾವ ಸಾಕ್ಷಿ ಹಿಡಿದು ಹೋಗುತ್ತೆ ಅನ್ನೋದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ.

ಕೈಮಗ್ಗ ಉಳಿಸಲು ಇನ್ನೊಂದು ಕಾನೂನೂ ಇದೆ, 1985ರ ಕೈಮಗ್ಗ ಮೀಸಲಾತಿ ಕಾಯ್ದೆ. ಮೊದಲು 22 ಬಗೆಯ ಬಟ್ಟೆ ಕೈಮಗ್ಗಕ್ಕೆ ಮೀಸಲಿತ್ತು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆಮೇಲೆ ಸರ್ಕಾರವೇ ಪಟ್ಟಿಯನ್ನು 11ಕ್ಕೆ ಇಳಿಸಿತು. ಸೀರೆ ಇನ್ನೂ ಪಟ್ಟಿಯಲ್ಲಿದೆ, ಷರತ್ತುಗಳೊಂದಿಗೆ. ಮುರಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಮಗ್ಗವೊಂದಕ್ಕೆ 5,000 ರೂಪಾಯಿವರೆಗೆ ದಂಡ. ಈ ದಂಡದ ಮೊತ್ತವನ್ನು ಒಂದು ರೇಷ್ಮೆ ಸೀರೆಯ ಬೆಲೆ ಪಕ್ಕ ಇಟ್ಟು ನೋಡಿ.

ಮೈಸೂರು ಸಿಲ್ಕ್‌ಗೆ ಆಗಿದ್ದು ಇಲ್ಲಿ ಯಾಕೆ ಆಗಲ್ಲ?

ಕರ್ನಾಟಕದಲ್ಲೇ ಪ್ರಮಾಣೀಕರಣ ಚೆನ್ನಾಗಿ ನಡೆದಿರುವ ಉದಾಹರಣೆ ಇದೆ. ಕೆಎಸ್‌ಐಸಿಯ ಮೈಸೂರು ಸಿಲ್ಕ್ ಸೀರೆಗೆ ಪ್ರತಿಯೊಂದಕ್ಕೂ ಸಂಕೇತ ಸಂಖ್ಯೆ, ಹೊಲೊಗ್ರಾಂ ಇರುತ್ತೆ. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಅಂತ ನಿಗಮವೇ ಹೇಳಿಕೊಳ್ಳುತ್ತೆ. ಜನ ಕ್ಯೂ ನಿಂತು ಕೊಳ್ತಾರೆ. ಆದರೆ ಅಲ್ಲಿ ಒಂದೇ ಮಾಲೀಕ ಸರ್ಕಾರ, ನೂಲಿನಿಂದ ಷೋರೂಮಿನವರೆಗೆ ಒಂದೇ ಕೈ. ಅಂದಹಾಗೆ ಮೈಸೂರು ಸಿಲ್ಕ್ ಕೈಮಗ್ಗದ್ದಲ್ಲ, ಪವರ್ ಲೂಮ್‌ನದ್ದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆ ಕಾರ್ಖಾನೆ ಶುರುವಾಗಿದ್ದೇ ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ.

ಒಂದು ಗೇಟು, ಒಂದು ರಿಜಿಸ್ಟರು ಇರುವ ಕಡೆ ನಂಬರ್ ಹಾಕೋದು ಸುಲಭ. ಮೊಳಕಾಲ್ಮೂರಿನಲ್ಲಿ ಮಗ್ಗ ಇರೋದು ಮನೆಯ ನಡುವೆ. ನೂಲು ಒಂದು ಕಡೆ, ಬಣ್ಣ ಹಾಕೋದು ಇನ್ನೊಂದು ಕಡೆ, ಮಾರಾಟ ಬೆಂಗಳೂರಿನಲ್ಲಿ. ಗಡಿ ದಾಟಿದರೆ ಆಂಧ್ರದ ರಾಯದುರ್ಗ, ಇನ್ನೂ ಮುಂದೆ ಧರ್ಮಾವರಂ. ಧರ್ಮಾವರಂ ಸೀರೆಗೂ ತನ್ನದೇ ಜಿಐ ಇದೆ. ವಿನ್ಯಾಸ, ನೂಲು, ಕೆಲಸಗಾರರು, ಸಾಲ ಎಲ್ಲವೂ ಗಡಿ ದಾಟಿ ಓಡಾಡುವ ಪ್ರದೇಶ ಇದು. ಇಂಥ ಕಡೆ ಕಾರ್ಖಾನೆಯ ಮಾದರಿ ನಡೆಯೋದಿಲ್ಲ.

ಹಾಗಂತ ಅಸಾಧ್ಯವೇನಲ್ಲ. ಚಿನ್ನದ ಅಂಗಡಿಗಳೂ ಊರೂರಿಗೆ ಚದುರಿವೆ. ಆದರೂ 2021ರ ಜೂನ್‌ನಲ್ಲಿ ಹಾಲ್‌ಮಾರ್ಕ್ ಕಡ್ಡಾಯ ಮಾಡೋಕೆ ಶುರು ಮಾಡಿ, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಪ್ರತಿಯೊಂದರ ಮೇಲೂ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಇರಲೇಬೇಕು ಅಂತ ಮಾಡಲಾಯಿತು. ಯಾರು ಬೇಕಾದರೂ ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. ಚಿನ್ನಕ್ಕೆ ಆಗುವುದು ರೇಷ್ಮೆಗೆ ಆಗಲ್ಲ ಅಂದರೆ ಅದು ತಂತ್ರಜ್ಞಾನದ ಕೊರತೆ ಅಲ್ಲ, ಮನಸ್ಸಿನ ಕೊರತೆ. ಸೀರೆಗೊಂದು ಸಂಖ್ಯೆ, ಅದನ್ನು ಒತ್ತಿದರೆ ನೂಲಿನ ಪರೀಕ್ಷೆ, ಮಗ್ಗದ ಬಗೆ, ಊರು ಮೂರೂ ಒಂದೇ ಕಡೆ ಕಾಣಬೇಕು. ಒಪ್ಪಿದರೆ ನೇಯ್ದವರ ಹೆಸರೂ ಇರಲಿ.

ಹೆಸರು ಹಾಕೋ ಮಾತು ಬಂದಿದ್ದರಿಂದ ಒಂದು ಅಡ್ಡಮಾತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಕಿರು ಬಂಡೆಶಾಸನ ಇದೆ. ಅದರ ಕೊನೆಯಲ್ಲಿ ಕೆತ್ತಿಸಿದ ಚಕ್ರವರ್ತಿಯ ಮಾತು ಮುಗಿದ ಮೇಲೆ, ಇದನ್ನು ಬರೆದವನು ಚಪಡ ಅಂತ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. ಶಾಸನ ಪೂರ್ತಿ ಬ್ರಾಹ್ಮಿ ಲಿಪಿ, ಆದರೆ ‘ಲಿಪಿಕಾರ’ ಅನ್ನೋ ಅವನ ಕಸುಬಿನ ಪದ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ. ಸುಮಾರು 2,200 ವರ್ಷದ ಹಿಂದೆ ಒಬ್ಬ ಕೈಕೆಲಸದವನಿಗೆ ಸಿಕ್ಕಿದ್ದ ಜಾಗ ಇವತ್ತು ಸೀರೆಯ ಚೀಟಿಯಲ್ಲಿ ನೇಕಾರರಿಗೆ ಇಲ್ಲ.

ಪಕ್ಕದ ಚಳ್ಳಕೆರೆ

ಚಳ್ಳಕೆರೆಯ ಕಂಬಳಿಯ ಕಥೆ ಇದಕ್ಕೆ ತಿರುಗುಮುರುಗು. ಡೆಕ್ಕನಿ ಕುರಿಯ ಉಣ್ಣೆ, ಹುಣಸೆ ಬೀಜದ ಗಂಜಿ, ಕುರುಬರ ಮಗ್ಗ. ಕೊಳ್ಳುವವರು ಹೆಚ್ಚಾಗಿ ಕುರಿ ಕಾಯುವವರು, ರೈತರು. ಕೈಯಲ್ಲಿ ಹಿಡಿದು, ತೂಕ ನೋಡಿ, ಮೂಸಿ ಹೇಳಬಲ್ಲರು. ಅವರಿಗೆ ಮುದ್ರೆ ಬೇಕಾಗಿಲ್ಲ. ತಿಳಿದವರು ತಿಳಿದವರಿಗೆ ಮಾರುವ ಕಡೆ ಪ್ರಮಾಣಪತ್ರ ಹುಟ್ಟೋದೇ ಇಲ್ಲ. ಅದು ಬೇಕಾಗೋದು ಸರಕು ಊರು ಬಿಟ್ಟು ಗೊತ್ತಿಲ್ಲದವರ ಕೈಗೆ ಹೋದಾಗ. ಮತ್ತೆ ಹೊರಗಿನ ಮುದ್ರೆಗಳು ಯಾವಾಗಲೂ ನಮ್ಮ ಸರಕನ್ನು ನಮ್ಮ ಅಳತೆಯಿಂದ ನೋಡೋದಿಲ್ಲ. ನುಣುಪೇ ಗುಣ ಅನ್ನೋ ಮಾರುಕಟ್ಟೆಯಲ್ಲಿ ಒರಟು ಡೆಕ್ಕನಿ ಉಣ್ಣೆ ಫೇಲ್. ಮಳೆ, ಇಬ್ಬನಿಯಲ್ಲಿ ಹೊಲದಲ್ಲಿ ಮಲಗುವವರಿಗೆ ಆ ಒರಟೇ ಗುಣ. ಹಾಗಾಗಿ ಮಾನದಂಡ ಬರೆಯುವ ಕೋಣೆಯಲ್ಲಿ ಯಾರು ಕೂತಿರ್ತಾರೆ ಅನ್ನೋದು ಮುದ್ರೆಯಷ್ಟೇ ರಾಜಕೀಯದ ವಿಷಯ.

ಅದೇ ಚಳ್ಳಕೆರೆಯ ಅಮೃತ ಮಹಲ್ ಕಾವಲಿನಲ್ಲಿ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಐಐಎಸ್‌ಸಿಗಳಿಗೆ ಸಾವಿರಾರು ಎಕರೆ ಕೊಟ್ಟದ್ದು, ಕುರಿ ಮೇಯಿಸುವವರು ಹುಲ್ಲುಗಾವಲಿಗಾಗಿ ಹೋರಾಡಿದ್ದು ನಿಮಗೆ ನೆನಪಿರಬಹುದು. ಚಾಲಕರಹಿತ ವಿಮಾನಗಳ ಪರೀಕ್ಷಾ ವಲಯ 2017ರ ಮೇನಲ್ಲಿ ಅಲ್ಲಿ ಉದ್ಘಾಟನೆಯಾಯ್ತು. ಪರೀಕ್ಷೆ ಮಾಡೋ ಶಕ್ತಿ, ಜಾಗ, ದುಡ್ಡು ಈ ಜಿಲ್ಲೆಗೆ ಬರಲೇ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಯಾವುದನ್ನು ಪರೀಕ್ಷೆ ಮಾಡೋಕೆ ಬಂತು ಅನ್ನೋದಷ್ಟೇ ಪ್ರಶ್ನೆ.

ಸದ್ಯಕ್ಕೆ ಕೊಳ್ಳುವವರು ಏನು ಮಾಡಬಹುದು?

ಸೀರೆಯ ಕುಚ್ಚಿನಿಂದ ಒಂದೆರಡು ಎಳೆ ಬಿಡಿಸಿ ಸುಟ್ಟು ನೋಡೋದು ಹಳೇ ಉಪಾಯ, ಇವತ್ತಿಗೂ ನಡೆಯುತ್ತೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಕೃತಕ ರೇಷ್ಮೆ ಕಾಗದದಂತೆ ಉರಿಯುತ್ತೆ. ಹಾಸು ಮತ್ತು ಹೊಕ್ಕು ಎರಡರಿಂದಲೂ ಎಳೆ ತೆಗೆದು ನೋಡಬೇಕು, ಯಾಕೆಂದರೆ ಬೆರಕೆ ಇರೋದು ಹೆಚ್ಚಾಗಿ ಒಂದರಲ್ಲಿ ಮಾತ್ರ. ಕೈಮಗ್ಗ ಗುರುತಿಸೋಕೆ ಅಂಚು ಒಡಲು ಸೇರುವ ಜಾಗವನ್ನು ಹಿಂಬದಿಯಿಂದ ನೋಡಿ, ಎರಡು ಬಣ್ಣದ ಎಳೆ ಒಂದಕ್ಕೊಂದು ಸಿಕ್ಕಿಕೊಂಡು ತಿರುಗಿರಬೇಕು. ಸೀರೆಯ ಬದಿಯಲ್ಲಿ ಸಣ್ಣ ತೂತುಗಳಿದ್ದರೆ ಕೈಮಗ್ಗ ಅಂತ ಅಂಗಡಿಯವರು ಹೇಳ್ತಾರೆ. ಅದೊಂದನ್ನೇ ನಂಬಬೇಡಿ, ಪವರ್ ಲೂಮ್ ಬಟ್ಟೆಯಲ್ಲೂ ಅಂಥ ಗುರುತು ಬೀಳುತ್ತೆ.

ಸಿಲ್ಕ್ ಮಾರ್ಕ್ ತೋರಿಸಿದರೆ ಹ್ಯಾಂಡ್‌ಲೂಮ್ ಮಾರ್ಕ್ ಎಲ್ಲಿ ಅಂತ ಕೇಳಿ. ಎರಡೂ ಇದ್ದರೆ ಜಿಐ ಅಧಿಕೃತ ಬಳಕೆದಾರರ ಹೆಸರು ಕೇಳಿ. ಜಿಐ ನೋಂದಣಿ ಕಚೇರಿಯ ವೆಬ್‌ಸೈಟಿನಲ್ಲಿ ಯಾವ ಜಿಐಗೆ ಯಾರು ಬಳಕೆದಾರರು ಅಂತ ಹುಡುಕಬಹುದು. ಮೊಳಕಾಲ್ಮೂರು ಸೀರೆಯದ್ದು 53ನೇ ಸಂಖ್ಯೆ. ಬಿಲ್ಲಿನಲ್ಲಿ ‘ಸಿಲ್ಕ್ ಸೀರೆ’ ಅಂತ ಬರೆದು ಕೊಟ್ಟರೆ ವಾಪಸ್ ಕೊಟ್ಟು ‘ಮೊಳಕಾಲ್ಮೂರು ಕೈಮಗ್ಗದ ಶುದ್ಧ ರೇಷ್ಮೆ ಸೀರೆ’ ಅಂತ ಬರೆಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಅದೇ ಉತ್ತರ. ಬರೆದುಕೊಟ್ಟು ಸುಳ್ಳಾದರೆ ಗ್ರಾಹಕರ ಆಯೋಗದಲ್ಲಿ ಆ ಕಾಗದವೇ ಸಾಕ್ಷಿ.

ನೇಕಾರರ ಕಡೆಯಿಂದ ನೋಡಿದರೆ, ಅಧಿಕೃತ ಬಳಕೆದಾರ ಆಗೋಕೆ ಇದ್ದ 500 ರೂಪಾಯಿ ಶುಲ್ಕವನ್ನು 2020ರಲ್ಲಿ 10 ರೂಪಾಯಿಗೆ ಇಳಿಸಲಾಗಿದೆ, ಅರ್ಜಿಯನ್ನೂ ಸರಳ ಮಾಡಲಾಗಿದೆ. ಹೆಸರು ನೋಂದಾಯಿಸಿಕೊಂಡ ನೇಕಾರರಿಗೆ ಮಾಲೀಕರ ಮಧ್ಯಸ್ಥಿಕೆ ಇಲ್ಲದೆ ತಮ್ಮ ಸೀರೆಗೆ ತಾವೇ ಆ ಹೆಸರು ಹಾಕಿ ಮಾರುವ ಹಕ್ಕು ಇರುತ್ತೆ. ತಾಲ್ಲೂಕಿನಲ್ಲಿ ಓದಿಕೊಂಡು ಮನೆಯಲ್ಲೇ ಇರುವ ಯುವಕ ಯುವತಿಯರು ನಾಲ್ಕು ಬೀದಿಗಳ ನೇಕಾರರ ಅರ್ಜಿ ತುಂಬಿಕೊಟ್ಟರೂ ಚೆನ್ನೈಯ ಆ ಪಟ್ಟಿಯಲ್ಲಿ ವ್ಯಾಪಾರಿಗಳ ಹೆಸರಿನ ಪಕ್ಕ ಮಗ್ಗದವರ ಹೆಸರೂ ಬರುತ್ತೆ. ಮುಂದೆ ತಪಾಸಣಾ ಸಮಿತಿ ಬೇಕು ಅಂತ ಬೆಂಗಳೂರಿಗೆ ಹೋಗಿ ಕೇಳುವಾಗ ನಾವು ಯಾರು ಅಂತ ತೋರಿಸೋಕೆ ಆ ಪಟ್ಟಿ ಬೇಕಾಗುತ್ತೆ.